ಐದು ಕುಲನಾಮಗಳಿಂದ ಒಂದಕ್ಕೆ: ಕೊಡಗಿನ ಕುರಿಂಜಿಗಳ ಮರುವರ್ಗೀಕರಣದ ಅನುಭವ

ಕೊಡಗಿನ ನಿತ್ಯಹರಿದ್ವರ್ಣ ಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ಆಳೆತ್ತರಕ್ಕೆ ಒತ್ತೊತ್ತಾಗಿ ಬೆಳೆದು ಕಾಲುದಾರಿಯನ್ನೇ ಮುಚ್ಚಿಬಿಡುವ ಪೊದೆಗಳಲ್ಲಿ ಅನೇಕವು ಕುರಿಂಜಿಯ ಬಳಗದವು. 2021ರ ಮಳೆಗಾಲದಲ್ಲಿ ಮಾಂದಲ್‌ಪಟ್ಟಿ ಮತ್ತು ಕೋಟೆಬೆಟ್ಟದ ಇಳಿಜಾರುಗಳು ನೀಲಿಯಾದಾಗ ಪತ್ರಿಕೆಗಳು ‘ನೀಲಕುರಿಂಜಿ’ ಎಂದು ಬರೆದವು, ಊರೂರಿನಿಂದ ಜನ ಬಂದು ನೋಡಿ ಹೋದರು. ಆದರೆ ಅದೇ ಬಳಗದ ಉಳಿದ ಗಿಡಗಳು ಪ್ರತಿವರ್ಷವೋ ಹಲವು ವರ್ಷಕ್ಕೊಮ್ಮೆಯೋ ಕಾಡಿನ ನೆರಳಿನಲ್ಲೇ ಹೂಬಿಟ್ಟು, ಯಾರ ಕಣ್ಣಿಗೂ ಬೀಳದೆ ಬೀಜವಾಗುತ್ತವೆ. ಈ ಗಿಡಗಳ ಒಣಮಾದರಿಗಳನ್ನು ನಾನು ಸಸ್ಯಶಾಸ್ತ್ರ ಕಲಿಸುವ ಕಾಲೇಜಿನ ಹರ್ಬೇರಿಯಂ ಬೀರುವಿನಿಂದ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಅವುಗಳ ಮೇಲೆ ಐದು ಕುಲನಾಮಗಳಿದ್ದವು (ಕುಲ ಎಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪು, ಗಿಡದ ವೈಜ್ಞಾನಿಕ ಹೆಸರಿನ ಮೊದಲ ಭಾಗ ಅದರ ಹೆಸರೇ): ನಿಲಗಿರಿಯಾಂಥಸ್, ಪ್ಲಿಯೋಕಾಲಸ್, ಕಾರ್ವಿಯಾ, ಮೆಕೆಂಜಿಯಾ, ಫ್ಲೆಬೋಫಿಲಂ. ಕೆಲವು ಹಾಳೆಗಳಲ್ಲಿ ಈ ಹೆಸರುಗಳ ಕೆಳಗೋ ಮೇಲೋ ಬೇರೆ ಕೈಬರಹದಲ್ಲಿ ಸ್ಟ್ರೊಬಿಲಾಂಥಸ್ ಎಂದು ಬರೆದ ಚೀಟಿಯೂ ಅಂಟಿಕೊಂಡಿತ್ತು. ಗಿಡ ಒಂದೇ, ಗೊತ್ತುಪಡಿಸಿದವರು ಮೂವರು, ಮೂವರದೂ ಬೇರೆ ಬೇರೆ ತೀರ್ಮಾನ. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಮತ್ತು ಏಕೆ ಎಂಬುದನ್ನು ನಮ್ಮ ಕಾಡಿನ ಗಿಡಗಳ ಮೇಲೆಯೇ ಪರೀಕ್ಷಿಸಿ ನೋಡುವ ಕೆಲಸಕ್ಕೆ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಕೈಹಾಕಿದೆವು.

ಗೊಂದಲ ನಮ್ಮ ಬೀರುವಿನಲ್ಲಿ ಹುಟ್ಟಿದ್ದಲ್ಲ. ಸ್ಟ್ರೊಬಿಲಾಂಥಸ್ ಕುಲವನ್ನು ಜಾವಾ ದ್ವೀಪದ ಗಿಡದ ಆಧಾರದಲ್ಲಿ ಸಸ್ಯಶಾಸ್ತ್ರಜ್ಞ ಬ್ಲೂಮ್ 1826ರಲ್ಲಿ ಸ್ಥಾಪಿಸಿದ. ಕೆಲವೇ ವರ್ಷಗಳಲ್ಲಿ ಜರ್ಮನಿಯ ನೀಸ್ ಫಾನ್ ಎಸೆನ್‌ಬೆಕ್, ಭಾರತದಿಂದ ಯುರೋಪಿಗೆ ಹೋದ ಮಾದರಿಗಳನ್ನು ನೋಡಿ ಹಲವು ಪ್ರಭೇದಗಳನ್ನು ಅದೇ ಕುಲದಲ್ಲಿ ವರ್ಣಿಸಿದ, ಕೆಲವನ್ನು ಹೊಸ ಕುಲಗಳಲ್ಲಿ ಇಟ್ಟ. ಆ ಶತಮಾನದ ಉತ್ತರಾರ್ಧದಲ್ಲಿ ಥಾಮಸ್ ಆಂಡರ್ಸನ್, ಅವನ ನಂತರ ಸಿ. ಬಿ. ಕ್ಲಾರ್ಕ್, ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಸ್ಟ್ರೊಬಿಲಾಂಥಸ್‌ಗೇ ಸೇರಿಸಿದರು. 1944ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರೆಮೆಕಾಂಪ್ ಈ ದೊಡ್ಡ ಬಳಗವನ್ನು 54 ಕುಲಗಳಾಗಿ ಒಡೆದ. ನಿಲಗಿರಿಯಾಂಥಸ್, ಕಾರ್ವಿಯಾ, ಪ್ಲಿಯೋಕಾಲಸ್ ಎಂಬ ಹೆಸರುಗಳು ಆಗಲೇ ಹುಟ್ಟಿದವು. ಪರಾಗರೇಣುವಿನ ರೂಪ, ಕೇಸರಗಳ ಸಂಖ್ಯೆ, ಹೂಗೊಂಚಲಿನ ಬಗೆ, ಬೀಜದ ಮೇಲಿನ ರೋಮ ಇವೆಲ್ಲವನ್ನೂ ಅವನು ಅಪಾರ ತಾಳ್ಮೆಯಿಂದ ಗಮನಿಸಿದ್ದ. ಅವನು ಬರೆದ ವರ್ಣನೆಗಳನ್ನು ಗಿಡದ ಪಕ್ಕದಲ್ಲಿಟ್ಟು ಓದಿದವರಾರೂ ಅವನ ಕಣ್ಣನ್ನು ಅನುಮಾನಿಸಲಾರರು. ಭಾರತದ ಸಸ್ಯಪಟ್ಟಿಗಳಲ್ಲಿ ಕೆಲವು ಅವನನ್ನು ಅನುಸರಿಸಿದವು, ಕೆಲವು ಕ್ಲಾರ್ಕ್‌ನ ದಾರಿಯಲ್ಲೇ ನಿಂತವು. 2004ರಲ್ಲಿ ಮೊಯ್ಲನ್, ಸ್ಕಾಟ್ಲೆಂಡ್ ಎಂಬ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಡಿಎನ್‌ಎ ಮತ್ತು ಬಾಹ್ಯರಚನೆ ಎರಡನ್ನೂ ಒಟ್ಟಿಗೆ ವಿಶ್ಲೇಷಿಸಿ, ಇಡೀ ಬಳಗವನ್ನು ಸ್ಟ್ರೊಬಿಲಾಂಥಸ್ ಎಂಬ ಒಂದೇ ವಿಶಾಲ ಕುಲವಾಗಿ ಪರಿಗಣಿಸುವುದು ಸೂಕ್ತ ಎಂದು ವಾದಿಸಿದರು. ನಾಲ್ಕುನೂರಕ್ಕೂ ಹೆಚ್ಚು ಪ್ರಭೇದಗಳ ಕುಲವದು. ನಾವು ಮಾಡಿದ್ದು ಆ ವಾದಕ್ಕೆ ಹೊಸ ಅಡಿಪಾಯ ಹಾಕುವ ಕೆಲಸವಲ್ಲ. ಕೊಡಗಿನ ಗಿಡಗಳನ್ನು ಅದರ ಎದುರು ನಿಲ್ಲಿಸಿ ನೋಡುವ ಕೆಲಸ.

ಕುಲ ಎಂದರೆ ಏನಿರಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ನಾನು ಕೊಡವರ ಒಕ್ಕದ, ಅಂದರೆ ಮನೆತನದ, ಉದಾಹರಣೆಯನ್ನು ಬಳಸುತ್ತೇನೆ. ಒಂದು ಒಕ್ಕಕ್ಕೆ ಒಬ್ಬ ಕಾರೋಣ, ಅಂದರೆ ಮೂಲಪುರುಷ. ಅವನಿಂದ ಬಂದವರೆಲ್ಲ ಆ ಮನೆಹೆಸರಿನವರು. ಅವರಲ್ಲೊಬ್ಬ ಮಡಿಕೇರಿಯಲ್ಲಿ ವಕೀಲನಾದ, ಮತ್ತೊಬ್ಬ ಸೇನೆ ಸೇರಿದ, ಮಗದೊಬ್ಬ ತೋಟದಲ್ಲೇ ಉಳಿದ ಎಂದು ವಕೀಲನ ಮಕ್ಕಳಿಗೆ ಮಾತ್ರ ಬೇರೆ ಒಕ್ಕವನ್ನು ಕಟ್ಟಿಕೊಡುವುದಿಲ್ಲ, ಬೇರೆ ಕಾರೋಣನಿಂದ ಬಂದವನು ನೋಡಲು ನಮ್ಮವನಂತೆಯೇ ಇದ್ದಾನೆಂದು ಒಳಗೆ ಸೇರಿಸಿಕೊಳ್ಳುವುದೂ ಇಲ್ಲ. (ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳ ಲೆಕ್ಕ ಇಲ್ಲಿ ಕೈಕೊಡುತ್ತದೆ ಎಂದು ಪ್ರತಿವರ್ಷ ಯಾರಾದರೊಬ್ಬ ವಿದ್ಯಾರ್ಥಿನಿ ನೆನಪಿಸುತ್ತಾಳೆ, ಅವಳು ಹೇಳುವುದು ಸರಿಯೇ.) ವರ್ಗೀಕರಣದಲ್ಲಿಯೂ ಒಂದು ಪೂರ್ವಜ ಮತ್ತು ಅದರ ಎಲ್ಲ ಸಂತತಿ ಸೇರಿದ ಗುಂಪಿಗೆ ಮಾತ್ರ ಕುಲನಾಮ ಸಲ್ಲಬೇಕು. ಬ್ರೆಮೆಕಾಂಪ್‌ನ ಸಣ್ಣ ಕುಲಗಳು ಈ ಪರೀಕ್ಷೆಯಲ್ಲಿ ನಿಲ್ಲುತ್ತವೆಯೇ ಎಂಬುದೇ ನಮ್ಮ ಪ್ರಶ್ನೆ.

ಹೂವಿಲ್ಲದೆ ಈ ಗಿಡಗಳ ವಿಷಯದಲ್ಲಿ ಏನನ್ನೂ ಖಚಿತವಾಗಿ ಹೇಳಲಾಗದು, ಹೂವು ನಮ್ಮ ಅನುಕೂಲಕ್ಕೆ ಬರುವುದೂ ಇಲ್ಲ. ನೀಲಗಿರಿ ಮತ್ತು ಮುನ್ನಾರಿನ ಕುಂತಿಯಾನ, ಅಂದರೆ ಅಲ್ಲಿನ ಹೆಸರಾಂತ ನೀಲಕುರಿಂಜಿ, ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಾಗಿ ಹೂಬಿಟ್ಟು ಒಟ್ಟಾಗಿ ಸಾಯುತ್ತದೆ. ಅಲ್ಲಿ 2006ರಲ್ಲಿ ಅರಳಿದ್ದು ಮತ್ತೆ 2018ರಲ್ಲಿ ಅರಳಿತು. ಇದೇ ಬಳಗದ, ಮಹಾರಾಷ್ಟ್ರದ ಕಾರ್ವಿಗೆ ಏಳೆಂಟು ವರ್ಷದ ಚಕ್ರ. ಕೊಡಗಿನ ಒಳಕಾಡಿನ ಪ್ರಭೇದಗಳಲ್ಲಿ ಕೆಲವಕ್ಕೆ ಇಂಥ ಚಕ್ರವಿದೆ, ಕೆಲವಕ್ಕಿಲ್ಲ. ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಗೆ ಬಂದ ಮೇಲೂ ಎಲ್ಲಿ ಯಾವುದು ಅರಳಿದೆ ಎಂಬ ಸುದ್ದಿಗಾಗಿ ಕಾಯಬೇಕಾಗುತ್ತಿತ್ತು. ಆ ಸುದ್ದಿ ನಮಗೆ ಹೆಚ್ಚಾಗಿ ಸಿಕ್ಕಿದ್ದು ಜೇನು ಕೀಳುವವರಿಂದ. ಭಾಗಮಂಡಲದ ಮೇಲಿನ ಕಾಡಿನಲ್ಲಿ ನಮಗೆ ದಾರಿ ತೋರಿಸಿದ ಕುಡಿಯ ಸಮುದಾಯದ ಹಿರಿಯರೊಬ್ಬರು, ಕುರಿಂಜಿ ಅರಳಿದ ವರ್ಷ ಹೆಜ್ಜೇನು ಎಲ್ಲಿ ಕಟ್ಟುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ಗಿಡದ ವಯಸ್ಸನ್ನು ಲೆಕ್ಕ ಹಾಕುತ್ತಿದ್ದರು. ಒಂದೇ ತೊರೆಯ ಎರಡು ದಡಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಎರಡು ಪೊದೆಗಳ ಮುಂದೆ ನಿಲ್ಲಿಸಿ ಅವರು, “ಮೇಡಂ, ಇದು ಹೂಬಿಟ್ಟ ಮೇಲೆ ಸಾಯುತ್ತದೆ, ಅದು ಸಾಯುವುದಿಲ್ಲ. ಎರಡನ್ನೂ ಒಂದೇ ಅಂತ ಬರೆದುಕೊಳ್ಳಬೇಡಿ,” ಎಂದರು. “ಹೇಗೆ ಗೊತ್ತಾಗುತ್ತದೆ ಅಜ್ಜ?” ಎಂದು ಕೇಳಿದ್ದಕ್ಕೆ ಬುಡದ ಕಡೆ ಕೈತೋರಿಸಿದರು. ಸಾಯುವ ಜಾತಿಯಲ್ಲಿ ಪೊದೆಯ ಎಲ್ಲ ಕಾಂಡಗಳೂ ಒಂದೇ ದಪ್ಪ, ಒಂದೇ ವಯಸ್ಸು. ಬದುಕುವ ಜಾತಿಯಲ್ಲಿ ಹಳೆಯ ಮೋಟುಗಳ ನಡುವೆ ಎಳೆಯ ಚಿಗುರು. ಒಣಹಾಳೆಯ ಮೇಲೆ ಈ ವ್ಯತ್ಯಾಸ ಉಳಿಯುವುದೇ ಇಲ್ಲ, ಏಕೆಂದರೆ ಹಾಳೆಗೆ ಹಿಡಿಸುವುದು ಮೇಲಿನ ಒಂದು ರೆಂಬೆ ಮಾತ್ರ. ಅಂದಿನಿಂದ ಬುಡದ ಚಿತ್ರವನ್ನೂ ತೆಗೆದು ಮಾದರಿಯ ಸಂಖ್ಯೆಯೊಂದಿಗೆ ಸೇರಿಸಿಡುವುದು ನಮ್ಮ ಕ್ರಮವಾಯಿತು.

ಪ್ರತಿ ಗಿಡದಿಂದ ಮೂರು ಬಗೆಯ ಮಾದರಿ ತೆಗೆಯುತ್ತಿದ್ದೆವು, ಮೂರಕ್ಕೂ ಒಂದೇ ಸಂಖ್ಯೆ. ಹೂವು, ಮೊಗ್ಗು, ಎಲೆ ಇರುವ ರೆಂಬೆ ಪತ್ರಿಕೆಯ ಹಾಳೆಗಳ ನಡುವೆ ಪ್ರೆಸ್ಸಿಗೆ. ಕೆಲವು ಹೂಗಳು ಶೇಕಡಾ 70ರ ಆಲ್ಕೊಹಾಲಿಗೆ. ಎಳೆಯ ಎಲೆಯ ಸಣ್ಣ ಚೂರುಗಳು ಸಿಲಿಕಾ ಜೆಲ್ ತುಂಬಿದ ಪೊಟ್ಟಣಕ್ಕೆ. ಮಳೆಗಾಲದ ಕೊಡಗಿನಲ್ಲಿ ಪ್ರೆಸ್ಸಿನ ಕಾಗದ ದಿನಕ್ಕೆರಡು ಸಲ ಬದಲಾಯಿಸಿದರೂ ಬೂಷ್ಟು ಹಿಡಿಯುತ್ತದೆ. ಕೊನೆಗೆ ನಾವು ಉಳಿದುಕೊಂಡಿದ್ದ ಮನೆಯವರು ಒಲೆಯ ಮೇಲಿನ ಅಟ್ಟದಲ್ಲಿ ಜಾಗ ಕೊಟ್ಟರು. ಆ ಬಿಸಿ ರೆಂಬೆಗೆ ಒಳ್ಳೆಯದು, ಡಿಎನ್‌ಎಗೆ ಅಲ್ಲ. ನಿಧಾನವಾಗಿ ಬೆಂದಂತೆ ಒಣಗಿದ ಎಲೆಯಲ್ಲಿ ಡಿಎನ್‌ಎ ತುಂಡುತುಂಡಾಗುತ್ತದೆ, ಅದಕ್ಕಾಗಿಯೇ ಸಿಲಿಕಾ ಪೊಟ್ಟಣ. ನೀಲಿ ಹರಳು ತೇವ ಹೀರಿ ಗುಲಾಬಿಯಾದ ಕೂಡಲೇ ಹೊಸದನ್ನು ಹಾಕಿ, ಹಳೆಯದನ್ನು ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳುತ್ತಿದ್ದೆವು. ಜಿಗಣೆಗಳ ಬಗ್ಗೆ ಮಳೆಗಾಲದ ಕಾಡು ಕಂಡವರಿಗೆ ಹೇಳಬೇಕಾದ್ದಿಲ್ಲ. 2018ರ ಆಗಸ್ಟಿನಲ್ಲಿ ಕುಸಿದ ಗುಡ್ಡಗಳ ಬಗ್ಗೆ ಮಾತ್ರ ಒಂದು ಮಾತು: ಹಳೆಯ ಹಾಳೆಯೊಂದರಲ್ಲಿ ನಮೂದಾಗಿದ್ದ ಇಳಿಜಾರನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಕೆಂಪು ಮಣ್ಣಿನ ಬರೆ ಮಾತ್ರ ಇತ್ತು. ಆ ಜಾಗದ ಗಿಡಕ್ಕೆ ಈಗ ಆ ಹಾಳೆಯೇ ಸಾಕ್ಷಿ.

ಹೂವನ್ನು ಬಿಡಿಸಿ ನೋಡುವ ಕೆಲಸದಲ್ಲಿ ನಾನು ಈ ಗಿಡಗಳನ್ನು ನಿಜವಾಗಿ ಅರಿತುಕೊಂಡೆ. ಆಲ್ಕೊಹಾಲಿನಿಂದ ತೆಗೆದ ಹೂವನ್ನು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ದಳಗಳ ಕೊಳವೆಯನ್ನು ಹೊಟ್ಟೆಯ ಬದಿಯಿಂದ ಉದ್ದಕ್ಕೆ ಸೀಳಿ ಪುಸ್ತಕದಂತೆ ತೆರೆದರೆ, ಒಳಗೋಡೆಯ ಬೆನ್ನಿನ ಬದಿಯಲ್ಲಿ ಎರಡು ಸಾಲು ಸಣ್ಣ ರೋಮಗಳು ಎದುರುಬದುರಾಗಿ ನಿಂತಿರುವುದು ಕಾಣುತ್ತದೆ. ಅವೆರಡರ ನಡುವಿನ ಓಣಿಯಲ್ಲಿ ಶಲಾಕೆ, ಅಂದರೆ ಅಂಡಾಶಯದಿಂದ ಮೇಲೆ ಬರುವ ದಾರದಂಥ ಭಾಗ, ಹಿಡಿದಿಟ್ಟಂತೆ ಮಲಗಿರುತ್ತದೆ. ಸೂಜಿಯಿಂದ ಎಬ್ಬಿಸಿದರೆ ರೋಮಗಳು ಬಾಗಿ ಬಿಡುತ್ತವೆ, ಬಿಟ್ಟ ಮೇಲೆ ಮತ್ತೆ ನೆಟ್ಟಗಾಗುತ್ತವೆ. ಕೇಸರಗಳ ಬುಡವನ್ನು ತೆಳ್ಳಗಿನ ಪೊರೆಯೊಂದು ಜೋಡಿಸಿರುತ್ತದೆ. ನಮ್ಮ ಬೀರುವಿನಲ್ಲಿ ಐದು ಕುಲನಾಮ ಹೊತ್ತಿದ್ದ ಗಿಡಗಳಲ್ಲಿ ನಾವು ತೆರೆದ ಪ್ರತಿಯೊಂದು ಹೂವಿನಲ್ಲಿಯೂ, ಅದು ಬೆರಳುದ್ದದ್ದಾಗಲಿ ಉಗುರುದ್ದದ್ದಾಗಲಿ, ಬಿಳಿಯಾಗಲಿ ನೇರಳೆಯಾಗಲಿ, ಈ ಎರಡು ಸಾಲು ರೋಮ ಇತ್ತು. ಹೋಲಿಸಲೆಂದು ಬಿಡಿಸಿದ ಮದ್ದುತೊಪ್ಪಿನ ಹೂವಿನಲ್ಲಿ ಇರಲಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮನೆಮನೆಯಲ್ಲಿ ಪಾಯಸವಾಗುವ ಮದ್ದುತೊಪ್ಪು ಕೂಡ ಇದೇ ಅಕಾಂತೇಸಿ ಕುಟುಂಬದ್ದು, ಆದರೆ ಜಸ್ಟಿಸಿಯಾ ಎಂಬ ಬೇರೆ ಕುಲ.

ಉಳಿದ ಲಕ್ಷಣಗಳು ಇಷ್ಟು ವಿಧೇಯವಾಗಿರಲಿಲ್ಲ. ಪರಾಗ ಕೊಡುವ ಕೇಸರಗಳು ಕೆಲವು ಪ್ರಭೇದಗಳಲ್ಲಿ ನಾಲ್ಕು, ಕೆಲವುಗಳಲ್ಲಿ ಎರಡು. ಎರಡು ಇರುವಲ್ಲಿ ಇನ್ನೆರಡರ ಮೊಂಡು ಗುರುತು ಒಮ್ಮೊಮ್ಮೆ ಉಳಿದಿರುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಹೂಗೊಂಚಲು ಕೆಲವುಗಳಲ್ಲಿ ಒತ್ತಾದ ತೆನೆ, ಕೆಲವುಗಳಲ್ಲಿ ಕೈಗೆ ಅಂಟುವ ದುಂಡು ತಲೆ. ಬೀಜಗಳಲ್ಲಿ ಕೆಲವು ನುಣುಪು. ಕೆಲವನ್ನು ಒಂದು ಹನಿ ನೀರಿನಲ್ಲಿಟ್ಟರೆ ಮೈಗಂಟಿದ್ದ ರೋಮಗಳು ಎದ್ದುನಿಂತು ಲೋಳೆಯಾಗುತ್ತವೆ. ಪ್ರತಿಯೊಂದನ್ನೂ ಕೋಷ್ಟಕದಲ್ಲಿ ಸಂಕೇತವಾಗಿ ಬರೆಯಬೇಕು: ಇದೆ, ಇಲ್ಲ, ತಿಳಿಯದು. ಮೂರನೆಯದನ್ನು ಬರೆಯುವುದು ಕಷ್ಟ, ಏಕೆಂದರೆ ಪುಸ್ತಕದಲ್ಲಿ ‘ಇದೆ’ ಎಂದಿರುತ್ತದೆ ಮತ್ತು ಕಣ್ಣು ಪುಸ್ತಕವನ್ನು ನಂಬಲು ಹಾತೊರೆಯುತ್ತದೆ. ಆದ್ದರಿಂದ ಒಬ್ಬರು ನೋಡಿ ಬರೆದದ್ದನ್ನು ಇನ್ನೊಬ್ಬರು, ಗಿಡದ ಹೆಸರು ತಿಳಿಯದಂತೆ, ಮತ್ತೆ ನೋಡಿ ಬರೆಯುವ ನಿಯಮ ಇಟ್ಟುಕೊಂಡಿದ್ದೆವು.

ಪರಾಗರೇಣುವಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ 1944ರ ವಿಭಜನೆಯ ಭಾರವೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಪರಾಗಕೋಶವನ್ನು ಒಂಬತ್ತು ಭಾಗ ಅಸೆಟಿಕ್ ಅನ್‌ಹೈಡ್ರೈಡ್‌ಗೆ ಒಂದು ಭಾಗ ಗಂಧಕಾಮ್ಲ ಬೆರೆಸಿದ ದ್ರಾವಣದಲ್ಲಿ ಬಿಸಿಮಾಡಿದರೆ ಒಳಗಿನದೆಲ್ಲ ಕರಗಿ ರೇಣುವಿನ ಹೊರಗವಚ ಮಾತ್ರ ಉಳಿಯುತ್ತದೆ. ಈ ಮಿಶ್ರಣಕ್ಕೆ ನೀರು ತಗುಲಿದರೆ ಸಿಡಿಯುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಮುಟ್ಟಲು ಬಿಡುವುದಿಲ್ಲ. ಹೀಗೆ ಸ್ವಚ್ಛವಾದ ರೇಣುಗಳನ್ನು ದೊಡ್ಡದು ಮಾಡಿ ನೋಡಿದಾಗ, ಒಂದೇ ಬಳಗದಲ್ಲಿ ಇಷ್ಟು ವೈವಿಧ್ಯ ಸಾಧ್ಯವೇ ಎನಿಸುವಂತಿರುತ್ತದೆ. ಒಂದು ಪ್ರಭೇದದ ರೇಣು ಮೈತುಂಬ ಮುಳ್ಳಿರುವ ಗೋಲ. ಇನ್ನೊಂದರದು ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಏಣು ಎದ್ದ ದೀರ್ಘವೃತ್ತ. ಮತ್ತೊಂದರಲ್ಲಿ ಏಣುಗಳ ನಡುವೆ ಏಣಿಯ ಮೆಟ್ಟಿಲಿನಂಥ ಅಡ್ಡಗೆರೆ. ಇವನ್ನು ಕಂಡವರಿಗೆ, ಇವು ಬೇರೆ ಬೇರೆ ಕುಲಗಳೇ ಇರಬೇಕು ಎನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ನನಗೂ ಹಾಗೆಯೇ ಅನಿಸಿತ್ತು, ಮತ್ತು ಡಿಎನ್‌ಎ ಫಲಿತಾಂಶ ಬರುವವರೆಗೆ ನಾನು ಬ್ರೆಮೆಕಾಂಪ್‌ನ ಪಕ್ಷದಲ್ಲಿಯೇ ಇದ್ದೆ ಎನ್ನಬಹುದು.

ಡಿಎನ್‌ಎ ಬೇರ್ಪಡಿಸುವ ಕೆಲಸ ನಡೆದದ್ದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ. ಎಲೆಯ ಚೂರನ್ನು ಪುಡಿಮಾಡಿ ಸಿಟ್ಯಾಬ್ ಎಂಬ ಸಾಬೂನಿನಂಥ ರಾಸಾಯನಿಕದ ದ್ರಾವಣದಲ್ಲಿ 65 ಡಿಗ್ರಿ ಬಿಸಿಗೆ ಇಡುವುದು, ಕ್ಲೋರೊಫಾರ್ಮ್ ಹಾಕಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆಯುವುದು, ಐಸೊಪ್ರೊಪನಾಲ್ ಹಾಕಿ ಡಿಎನ್‌ಎ ಎಳೆಗಳನ್ನು ಗಟ್ಟಿ ಮಾಡಿಕೊಳ್ಳುವುದು. ಹೇಳಲು ಇಷ್ಟೇ. ಆದರೆ ನಮ್ಮ ಕೆಲವು ಮಾದರಿಗಳಲ್ಲಿ ಐಸೊಪ್ರೊಪನಾಲ್ ಹಾಕಿದ ಕೂಡಲೇ ಎಳೆಯ ಬದಲು ಲೋಳೆಯ ಮುದ್ದೆ ಬರುತ್ತಿತ್ತು, ಅದರೊಳಗೆ ಡಿಎನ್‌ಎ ಇದ್ದರೂ ಮುಂದಿನ ಹಂತದ ಕಿಣ್ವಗಳು ಕೆಲಸ ಮಾಡುತ್ತಿರಲಿಲ್ಲ. ಎಲೆಪುಡಿಯನ್ನು ಮೊದಲು ತಣ್ಣನೆಯ ದ್ರಾವಣದಲ್ಲಿ ತೊಳೆದು ಲೋಳೆ ಹೋಗಲಾಡಿಸಿ, ಆಮೇಲೆ ಸಿಟ್ಯಾಬ್‌ಗೆ ಹಾಕಿದಾಗ ಸರಿಹೋಯಿತು. ಬಲಿತ ಎಲೆಗಿಂತ ಚಿಗುರೆಲೆ ಸದಾ ಮೇಲು ಎಂಬುದನ್ನೂ ಅಲ್ಲಿಯೇ ಕಲಿತೆವು.

ನಾವು ಓದಿಸಿದ್ದು ಡಿಎನ್‌ಎಯ ಎರಡು ತುಣುಕುಗಳನ್ನು. ಒಂದು ಕೋಶಕೇಂದ್ರದಲ್ಲಿರುವ ಐಟಿಎಸ್. ಇನ್ನೊಂದು ಕ್ಲೋರೊಪ್ಲಾಸ್ಟಿನ ಟಿಆರ್‌ಎನ್‌ಎಲ್-ಎಫ್. 2004ರ ಅಧ್ಯಯನವೂ ಇವೇ ಎರಡನ್ನು ಬಳಸಿದ್ದರಿಂದ ಅದರ ಅನುಕ್ರಮಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳ ಸಾಲುಗಳನ್ನು, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಿಂದ ಇಳಿಸಿಕೊಂಡು ನಮ್ಮವುಗಳ ಪಕ್ಕದಲ್ಲಿ ಜೋಡಿಸಲು ಸಾಧ್ಯವಾಯಿತು. ಎರಡನ್ನು ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಲೋರೊಪ್ಲಾಸ್ಟ್ ಬಹುತೇಕ ಹೂಗಿಡಗಳಲ್ಲಿ ತಾಯಿಯ ಕಡೆಯಿಂದಲೇ ಬರುತ್ತದೆ. ಕೋಶಕೇಂದ್ರದ ಡಿಎನ್‌ಎ ತಂದೆತಾಯಿ ಇಬ್ಬರದೂ. ಎರಡೂ ಒಂದೇ ಕಥೆ ಹೇಳಿದರೆ ಧೈರ್ಯ ಬರುತ್ತದೆ, ಬೇರೆ ಬೇರೆ ಹೇಳಿದರೆ ಎಂದೋ ಒಮ್ಮೆ ಸಂಕರಣ ನಡೆದಿರಬಹುದೆಂದು ಅನುಮಾನಿಸಬೇಕು. ಐಟಿಎಸ್‌ಗೆ ಅದರದೇ ತೊಡಕುಗಳಿವೆ. ಒಂದು ಕೋಶದಲ್ಲಿ ಅದರ ನೂರಾರು ಪ್ರತಿಗಳಿರುತ್ತವೆ. ಅವೆಲ್ಲ ಒಂದೇ ಆಗಿರದಿದ್ದರೆ ಅನುಕ್ರಮದ ರೇಖಾಚಿತ್ರದಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಏಳುತ್ತವೆ. ಅಂಥ ಜಾಗಗಳನ್ನು ತಂತ್ರಾಂಶ ತನ್ನ ಇಷ್ಟದಂತೆ ಒಂದು ಅಕ್ಷರವೆಂದು ಓದಿಬಿಡುತ್ತದೆ, ಆದ್ದರಿಂದ ಪ್ರತಿ ರೇಖಾಚಿತ್ರವನ್ನೂ ಕಣ್ಣಾರೆ ಓದಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮಾಡಿದ ವಂಶವೃಕ್ಷವನ್ನು ನಾನು ನಂಬುವುದಿಲ್ಲ.

ಬಳಗದ ಹೊರಗಿನ ಹೋಲಿಕೆಗೆ ರುಯೆಲಿಯಾ ಕುಲದ ಗಿಡಗಳನ್ನು ಇಟ್ಟು ವಂಶವೃಕ್ಷ ಬೆಳೆಸಿದಾಗ ಕಂಡದ್ದು ಇಷ್ಟು. ಸ್ಟ್ರೊಬಿಲಾಂಥಸ್ ಎಂದು ವಿಶಾಲಾರ್ಥದಲ್ಲಿ ಕರೆಯುವ ಎಲ್ಲ ಗಿಡಗಳೂ, ನಮ್ಮ ಬೀರುವಿನ ಐದು ಕುಲನಾಮಗಳವೂ ಸೇರಿ, ಒಂದೇ ಗಟ್ಟಿ ಕವಲಿನಲ್ಲಿ ಕುಳಿತವು. ಆ ಕವಲಿನ ಒಳಗೆ ಮಾತ್ರ ಹಳೆಯ ಸಣ್ಣ ಕುಲಗಳ ಗಡಿಗಳು ಉಳಿಯಲಿಲ್ಲ: ಒಂದು ಕುಲನಾಮದ ಗಿಡಗಳು ಒಟ್ಟಿಗೆ ನಿಲ್ಲದೆ ಬೇರೆ ಹೆಸರಿನ ಗಿಡಗಳ ನಡುವೆ ಹಂಚಿಹೋದವು, ಇನ್ನು ಕೆಲವೆಡೆ ಕವಲುಗಳ ನಡುವಿನ ಅಂತರ ಎಷ್ಟು ಕಿರಿದೆಂದರೆ ಯಾವುದು ಯಾವುದಕ್ಕೆ ಹತ್ತಿರ ಎಂದು ಹೇಳಲು ದತ್ತಾಂಶಕ್ಕೆ ಬಲವೇ ಇರಲಿಲ್ಲ. ಬಳಗದ ಬುಡದಲ್ಲಿ ಕಡಿಮೆ ಕಾಲದಲ್ಲಿ ಬೇಗಬೇಗ ಕವಲೊಡೆದ ಗುಂಪುಗಳಲ್ಲಿ ಹೀಗಾಗುವುದುಂಟು. ಆಮೇಲೆ ಬಾಹ್ಯಲಕ್ಷಣಗಳ ಕೋಷ್ಟಕವನ್ನು ತಂದು ಆ ವೃಕ್ಷದ ಮೇಲೆ ಒಂದೊಂದಾಗಿ ಗುರುತು ಹಾಕುತ್ತಾ ಹೋದೆವು. ಪರಾಗರೇಣುವಿನ ಮುಳ್ಳು, ಏಣು, ಪಟ್ಟಿ ಎಲ್ಲವೂ ದೂರದೂರದ ಕವಲುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು. ಎರಡು ಕೇಸರದ ಹೂವುಗಳೂ ಒಂದೇ ಮೂಲದಿಂದ ಬಂದವೆನ್ನಲು ಆಧಾರ ಸಿಗಲಿಲ್ಲ. ಎಲ್ಲಿಯೂ ತಪ್ಪದೆ, ಬಳಗದ ಒಳಗಿನ ಎಲ್ಲವನ್ನೂ ಹಿಡಿದು ಹೊರಗಿನ ರುಯೆಲಿಯಾವನ್ನು ಬಿಟ್ಟ ಲಕ್ಷಣ ಶಲಾಕೆಯನ್ನು ಹಿಡಿದಿಡುವ ಆ ಎರಡು ಸಾಲು ರೋಮ.

ಡಿಎನ್‌ಎ ಬಂದ ಮೇಲೆ ಹೂ ಬಿಡಿಸಿ ನೋಡುವ ಹಳೆಯ ವಿದ್ಯೆಗೆ ಬೆಲೆಯಿಲ್ಲ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ನಮ್ಮ ವೃಕ್ಷ ಬಾಹ್ಯರಚನೆಯನ್ನು ಸುಳ್ಳಾಗಿಸಲಿಲ್ಲ. ಬಾಹ್ಯರಚನೆಯ ಯಾವ ಮಾತು ಪೂರ್ವಜರ ಬಗ್ಗೆ, ಯಾವುದು ಕೇವಲ ಆಯಾ ಹೂವಿನ ಬದುಕಿನ ಬಗ್ಗೆ ಎಂದು ಬೇರ್ಪಡಿಸಿಕೊಟ್ಟಿತು. ಡಿಎನ್‌ಎ ಒಂದನ್ನೇ ನೋಡಿದ್ದರೆ ಒಂದು ಕವಲು ಸಿಗುತ್ತಿತ್ತು, ಆದರೆ ಕಾಡಿನಲ್ಲಿ ಕೈಮಸೂರದ ಹಿಂದೆ ನಿಂತವನಿಗೆ ಆ ಕವಲನ್ನು ಗುರುತಿಸುವ ದಾರಿ ಸಿಗುತ್ತಿರಲಿಲ್ಲ. ಹೂವನ್ನೇ ನೋಡಿದ್ದರೆ ಕಣ್ಣಿಗೆ ಹೊಡೆಯುವ ಪರಾಗರೇಣುವೇ ಗೆಲ್ಲುತ್ತಿತ್ತು.

ಇಷ್ಟಾದ ಮೇಲೂ ತೀರ್ಮಾನ ತಾನಾಗಿ ಬೀಳುವುದಿಲ್ಲ. ಸಣ್ಣ ಕುಲಗಳನ್ನು ಉಳಿಸಬೇಕೆನ್ನುವವರು, ಚೆದುರಿದ್ದನ್ನು ಮತ್ತಷ್ಟು ಒಡೆದು ಪ್ರತಿ ಗಟ್ಟಿ ಕವಲಿಗೂ ಒಂದು ಕುಲ ಮಾಡಬಹುದು ಎನ್ನುತ್ತಾರೆ. ತರ್ಕದಲ್ಲಿ ತಪ್ಪಿಲ್ಲ. ಆದರೆ ಬುಡದ ಕವಲುಗಳೇ ಗಟ್ಟಿಯಿಲ್ಲದಿರುವಾಗ ಹಾಗೆ ಮಾಡಿದ ಕುಲಗಳು ಮುಂದಿನ ಅಧ್ಯಯನದಲ್ಲಿ ಮತ್ತೆ ಒಡೆಯುತ್ತವೆ, ಅವುಗಳಲ್ಲಿ ಹಲವಕ್ಕೆ ಹೊರಗಿನಿಂದ ಗುರುತಿಸುವ ಲಕ್ಷಣವೂ ಇರುವುದಿಲ್ಲ. ನಾಲ್ಕುನೂರಕ್ಕೂ ಮಿಕ್ಕಿ ಪ್ರಭೇದಗಳ ಕುಲ ನಿಭಾಯಿಸಲು ಭಾರ ಎಂಬ ದೂರನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಬೀರು ಜೋಡಿಸುವವರ ಕಷ್ಟವೇ ಹೊರತು ಗಿಡದ್ದಲ್ಲ. ಒಂದೇ ಕುಲವೆಂದರೆ ಒಳಗೆ ಬಂದವರು ಯಾರು ಎಂಬುದೂ ಕೆಲವರಿಗೆ ಬೆರಗು ಹುಟ್ಟಿಸುತ್ತದೆ. ಅಂಗಳದ ಕುಂಡಗಳಲ್ಲಿ ಬೆಳೆಸುವ, ಎಲೆಯಡಿ ನೇರಳೆ ಬಣ್ಣವಿರುವ, ಗಾಯಕ್ಕೆ ಅರೆದು ಹಚ್ಚುವ ಮುರಿಕೂಟಿ ಹಿಂದೆ ಹೆಮಿಗ್ರಾಫಿಸ್ ಕುಲದಲ್ಲಿತ್ತು. ಅದರ ಕಾಯಿಯಲ್ಲಿ ಬೀಜಗಳು ನಾಲ್ಕಕ್ಕಿಂತ ಹೆಚ್ಚು ಎಂಬುದೇ ಬೇರೆಯಾಗಿಡಲು ಹೇಳುತ್ತಿದ್ದ ಮುಖ್ಯ ಕಾರಣಗಳಲ್ಲೊಂದು. ಈಗ ಅದೂ ಸ್ಟ್ರೊಬಿಲಾಂಥಸ್. ಈಶಾನ್ಯ ರಾಜ್ಯಗಳಲ್ಲಿ ನೀಲಿ ಬಣ್ಣ ತೆಗೆಯುವ ಅಸ್ಸಾಂ ನೀಲಿಗಿಡವೂ ಬಾಫಿಕಾಕಾಂಥಸ್ ಎಂಬ ಹೆಸರು ಬಿಟ್ಟು ಇಲ್ಲಿಗೇ ಬಂದಿದೆ.

ಹೆಸರು ಬದಲಿಸುವ ಕೆಲಸ ನಾವು ಹೆದರಿದ್ದಕ್ಕಿಂತ ಸುಲಭವಾಯಿತು. ಕುಲ ಬದಲಾದಾಗ ಪ್ರಭೇದಕ್ಕೆ ಹೊಸ ಜೋಡಿಹೆಸರನ್ನು ನಿಯಮದಂತೆ ಪ್ರಕಟಿಸಬೇಕಾಗುತ್ತದೆ, ಮೂಲ ಹೆಸರು ಎಲ್ಲಿ ಯಾವಾಗ ಪ್ರಕಟವಾಯಿತೆಂಬುದನ್ನು ಉಲ್ಲೇಖಿಸಬೇಕಾಗುತ್ತದೆ. ಆದರೆ ಕೊಡಗಿನ ಪ್ರಭೇದಗಳಲ್ಲಿ ಹಲವನ್ನು ನೀಸ್ ಮೊದಲೇ ಸ್ಟ್ರೊಬಿಲಾಂಥಸ್ ಎಂದೇ ವರ್ಣಿಸಿದ್ದ. ನಿಲಗಿರಿಯಾಂಥಸ್ ಸಿಲಿಯೇಟಸ್ ಮರಳಿ ಸ್ಟ್ರೊಬಿಲಾಂಥಸ್ ಸಿಲಿಯೇಟ ಆಯಿತು, ನಿಲಗಿರಿಯಾಂಥಸ್ ಹೇನಿಯಾನಸ್ ಸ್ಟ್ರೊಬಿಲಾಂಥಸ್ ಹೇನಿಯಾನ ಆಯಿತು, ಪ್ಲಿಯೋಕಾಲಸ್ ಸೆಸಿಲಿಸ್ ಸ್ಟ್ರೊಬಿಲಾಂಥಸ್ ಸೆಸಿಲಿಸ್ ಆಯಿತು. ಹಾಗೆ ನೋಡಿದರೆ ಇದು ಹೊಸ ವರ್ಗೀಕರಣ ಎನ್ನುವುದಕ್ಕಿಂತ ಹಳೆಯ ಹೆಸರಿಗೆ ಹೊಸ ಆಧಾರ ಸಿಕ್ಕಿದ್ದು. ಸಿಲಿಯೇಟದ ಹೆಸರು ಬೇರೆಯವರಿಗೂ ಬೇಕಾದದ್ದು. ಆಯುರ್ವೇದದಲ್ಲಿ ಸಹಚರ ಎಂದು ಬಳಸುವ ಗಿಡಗಳಲ್ಲಿ ಅದೂ ಒಂದು, ಅದರ ಬೇರಿಗೆ ಕೊಳ್ಳುವವರಿದ್ದಾರೆ. ಅನುಮತಿ ಪತ್ರದಲ್ಲಿ ಒಂದು ಹೆಸರು, ಖರೀದಿ ರಸೀದಿಯಲ್ಲಿ ಇನ್ನೊಂದು ಹೆಸರು ಇದ್ದಾಗ ಎರಡೂ ಒಂದೇ ಗಿಡವೆಂದು ತಿಳಿಯದೆ ಲೆಕ್ಕ ತಪ್ಪುವ ಸಂಭವವಿದೆ. ಆದ್ದರಿಂದ ನಮ್ಮ ದಾಖಲೆ ಪುಸ್ತಕದಲ್ಲಿ ಪ್ರತಿ ಪ್ರಭೇದದ ಎದುರು ಅದು ಹೊತ್ತಿದ್ದ ಎಲ್ಲ ಹೆಸರುಗಳನ್ನೂ ಬರೆದಿಟ್ಟೆವು.

ಹಾಳೆಗಳ ಮೇಲಿನ ಹಳೆಯ ಚೀಟಿಗಳನ್ನು ಕೀಳುವಂತಿಲ್ಲ, ಹೊಡೆದುಹಾಕುವಂತಿಲ್ಲ. ಹೊಸ ಹೆಸರು, ಗೊತ್ತುಪಡಿಸಿದವರ ಹೆಸರು, ವರ್ಷ ಇಷ್ಟನ್ನು ಬರೆದ ಸಣ್ಣ ಚೀಟಿಯನ್ನು ಅವುಗಳ ಮೇಲ್ಗಡೆ ಖಾಲಿ ಜಾಗ ನೋಡಿ ಅಂಟಿಸಬೇಕು. ಡಿಎನ್‌ಎ ತೆಗೆದ ಮಾದರಿಯಾದರೆ ಅದರ ಸಂಖ್ಯೆಯನ್ನೂ ನಮೂದಿಸಬೇಕು. ಹೂವಿಲ್ಲದ ಕೆಲವು ಹಾಳೆಗಳಿಗೆ ಕುಲನಾಮವನ್ನಷ್ಟೇ ಬರೆದು ಪ್ರಭೇದದ ಜಾಗ ಖಾಲಿ ಬಿಟ್ಟಿದ್ದೇವೆ. ಎಲೆಯ ಡಿಎನ್‌ಎ ಅವು ಈ ಬಳಗದವೆಂದು ಹೇಳಿತು, ಅದಕ್ಕಿಂತ ಮುಂದೆ ಹೇಳಲು ನಾವು ಓದಿಸಿದ ಎರಡು ತುಣುಕುಗಳಿಗೆ ಶಕ್ತಿಯಿಲ್ಲ.

ಕುಲದ ಒಳಗಿನ ಕವಲುಗಳ ಕ್ರಮ ಇನ್ನೂ ಬಗೆಹರಿಯಬೇಕಿದೆ. ಇದಕ್ಕೆ ಈಗ ಲಭ್ಯವಿರುವ ದಾರಿ ಹೂಗಿಡಗಳಿಗೆಲ್ಲ ಅನ್ವಯಿಸುವಂತೆ 2019ರಲ್ಲಿ ಪ್ರಕಟವಾದ, ಕೋಶಕೇಂದ್ರದ 353 ಜೀನುಗಳನ್ನು ಒಮ್ಮೆಲೇ ಹಿಡಿದು ಓದಿಸುವ ವಿಧಾನ. ಅದಕ್ಕೆ ತುಂಡಾದ ಡಿಎನ್‌ಎ ಕೂಡ ಸಾಕಾಗುವುದರಿಂದ ದಶಕಗಳ ಹಿಂದಿನ ಒಣಹಾಳೆಗಳನ್ನೂ ಬಳಸಬಹುದು. ಹಾಳೆಗೆ ಅಂಟಿಸಿದ ಗಿಡದಿಂದ ಎಲೆ ಕೀಳಲು ನಮ್ಮಲ್ಲಿ ಅವಕಾಶವಿಲ್ಲ, ಆದರೆ ಉದುರಿದ ಚೂರುಗಳನ್ನು ಹಾಕಿಡುವ ಲಕೋಟೆಯಿಂದ ತೆಗೆದುಕೊಳ್ಳಬಹುದು. ಲಕೋಟೆಯಲ್ಲಿ ಸಾಕಷ್ಟು ಎಲೆಚೂರು ಇರುವ ಹಾಳೆಗಳ ಪಟ್ಟಿ ಸಿದ್ಧವಾಗಿದೆ. ಕುಸಿದುಹೋದ ಆ ಇಳಿಜಾರಿನ ಹಾಳೆಗೆ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟಿದ್ದೇವೆ. ಮಾಂದಲ್‌ಪಟ್ಟಿಯ ಸಿಲಿಕಾ ಪೊಟ್ಟಣಗಳೂ ಅದೇ ಕಂತಿನಲ್ಲಿ ಬೆಂಗಳೂರಿಗೆ ಹೋಗುತ್ತವೆ.